ಬ್ಯಾಲೆಟ್‌ನಲ್ಲಿ ಜಡ್ಜ್ ಹೆಸರು: ಯಾರಿಗೆ ಹಾಕೋದು, ಏನು ನೋಡಿ ಹಾಕೋದು?

ಪ್ರಶ್ನೆ: ನಾವು ಮೂಲತಃ ಹಾಸನದ ಕಡೆಯವರು. ಈಗ ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿದ್ದೇವೆ. ಪೌರತ್ವ ಬಂದ ಮೇಲೆ ಮೊದಲ ಸಲ ವೋಟು ಹಾಕುವವಳಿದ್ದೇನೆ. ಮಾದರಿ ಬ್ಯಾಲೆಟ್ ತೆಗೆದು ನೋಡಿದರೆ ಅಪೀಲು ಕೋರ್ಟಿನ ಜಡ್ಜ್‌ಗಳ ಹೆಸರೂ ಇವೆ, ಪಕ್ಕದಲ್ಲಿ ಪಕ್ಷದ ಹೆಸರೂ ಇದೆ. ನಮ್ಮಲ್ಲಿ ಜಡ್ಜ್ ವೋಟು ಕೇಳಿದ್ದನ್ನು ಕಂಡವರಿಲ್ಲ. ಇವರು ಈ ಹುದ್ದೆಗೆ ಬರುವುದು ಹೇಗೆ? ಏನು ನೋಡಿ ಆರಿಸಬೇಕು? 2024ರಲ್ಲಿ ಇಂಥದ್ದೇ ಚುನಾವಣೆಯಲ್ಲಿ ಸಾವಿರಾರು ಜನರ ವೋಟು ತೆಗೆದುಹಾಕಲು ಹೊರಟಿದ್ದರಂತೆ. ನನ್ನ ವೋಟಿಗೂ ಹಾಗಾದೀತಾ? ಏನೂ ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡೋದೇ ಸರಿ ಅಲ್ವಾ?

ಉತ್ತರ: ಖಾಲಿ ಬಿಡಬೇಡಿ. ನಿಮ್ಮ ಬ್ಯಾಲೆಟ್‌ನಲ್ಲಿರುವ ಎಷ್ಟೋ ಹುದ್ದೆಗಳಿಗಿಂತ ಈ ಹುದ್ದೆ ನಿಮ್ಮ ಮನೆಗೆ ಹತ್ತಿರ. ಹೇಗೆ ಅಂತ ಮೊದಲು ಹೇಳುತ್ತೇನೆ.

ನಿಮ್ಮ ರಾಜ್ಯದಲ್ಲಿ ಎರಡು ಅಪೀಲು ಕೋರ್ಟುಗಳಿವೆ. ಮೇಲೆ ಏಳು ಜಡ್ಜ್‌ಗಳ ರಾಜ್ಯ ಸುಪ್ರೀಂ ಕೋರ್ಟ್. ಅದರ ಕೆಳಗೆ 1967ರಲ್ಲಿ ಶುರುವಾದ ಕೋರ್ಟ್ ಆಫ್ ಅಪೀಲ್ಸ್. ಇಲ್ಲಿ 15 ಜನ ಜಡ್ಜ್‌ಗಳು, ಮೂವರ ಪೀಠಗಳಾಗಿ ಕೂರುತ್ತಾರೆ. ಎರಡಕ್ಕೂ ಅವಧಿ ಎಂಟು ವರ್ಷ. ಎರಡಕ್ಕೂ ಇಡೀ ರಾಜ್ಯದ ಮತದಾರರು ವೋಟು ಹಾಕುತ್ತಾರೆ. ಅಮೆರಿಕದ ಕೇಂದ್ರ ಸರ್ಕಾರದ ಕೋರ್ಟುಗಳ ಜೊತೆ ಇವನ್ನು ಸೇರಿಸಿಕೊಳ್ಳಬೇಡಿ. ಅಲ್ಲಿ ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪುತ್ತದೆ, ಜಡ್ಜ್ ಜೀವನಪೂರ್ತಿ ಇರಬಹುದು. ರಾಜ್ಯದ ಕೋರ್ಟುಗಳ ದಾರಿ ಬೇರೆ. 1832ರಲ್ಲಿ ಮಿಸಿಸಿಪ್ಪಿ ತನ್ನ ಎಲ್ಲ ಜಡ್ಜ್‌ಗಳನ್ನೂ ಜನರೇ ಆರಿಸಲಿ ಎಂದಿತು. 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿದ ಮೇಲೆ ಒಂದರ ಹಿಂದೆ ಒಂದು ರಾಜ್ಯ ಹಿಂಬಾಲಿಸಿತು. ಗವರ್ನರ್ ಮತ್ತು ಶಾಸಕರು ತಮ್ಮವರನ್ನೇ ಕೂರಿಸುತ್ತಾರೆ, ಅದು ತಪ್ಪಲಿ ಅನ್ನುವುದು ಆಗಿನ ಆಸೆ. ಈಗ 50 ರಾಜ್ಯಗಳಲ್ಲಿ 38 ರಾಜ್ಯಗಳು ತಮ್ಮ ಸುಪ್ರೀಂ ಕೋರ್ಟಿಗೆ ಒಂದಲ್ಲ ಒಂದು ಬಗೆಯ ಚುನಾವಣೆ ಇಟ್ಟುಕೊಂಡಿವೆ.

ಕೋರ್ಟ್ ಆಫ್ ಅಪೀಲ್ಸ್‌ನಲ್ಲಿ ಸಾಕ್ಷಿ ಇಲ್ಲ, ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಗುಂಪು) ಇಲ್ಲ. ಕೆಳಗಿನ ಕೋರ್ಟಿನ ಕಾಗದಪತ್ರ ಬರುತ್ತದೆ, ಎರಡೂ ಕಡೆಯ ವಕೀಲರ ಲಿಖಿತ ವಾದ ಬರುತ್ತದೆ. ಕೆಳಗಿನವರು ಕಾನೂನು ತಪ್ಪಾಗಿ ಓದಿದರಾ, ಆ ತಪ್ಪಿನಿಂದ ಫಲಿತಾಂಶವೇ ಬದಲಾಯಿತಾ, ಇದನ್ನು ಮೂವರು ಕೂತು ನೋಡುತ್ತಾರೆ. ವಿಚ್ಛೇದನ, ಮಕ್ಕಳ ಪಾಲನೆ, ಜಮೀನು, ಕೆಲಸದಲ್ಲಿ ಪೆಟ್ಟಾದವರ ಪರಿಹಾರ, ಕ್ರಿಮಿನಲ್ ಕೇಸು, ಎಲ್ಲ ಇಲ್ಲಿಗೇ ಬರುತ್ತವೆ. ಮರಣದಂಡನೆಯಂಥ ಕೆಲವು ಕೇಸುಗಳು ಮಾತ್ರ ನೇರ ಸುಪ್ರೀಂ ಕೋರ್ಟಿಗೆ ಹೋಗುತ್ತವೆ. ಉಳಿದ ಬಹುಪಾಲು ಕೇಸುಗಳಿಗೆ ಈ ಮೂವರದ್ದೇ ಕೊನೆಯ ಮಾತು.

ಒಂದು ಉದಾಹರಣೆ ಕೊಡುತ್ತೇನೆ. ಕ್ಯಾರಿಯಲ್ಲಿದ್ದೀರಿ ಅಂದರೆ ನಿಮ್ಮ ಬಡಾವಣೆಗೂ ಮನೆಮಾಲೀಕರ ಸಂಘ ಇರುವುದು ಹೆಚ್ಚುಕಡಿಮೆ ಖಚಿತ. ನಿಮ್ಮ ಪಕ್ಕದ ರಾಲಿಯಲ್ಲೇ ಒಬ್ಬ ದಂಪತಿ ಮನೆಯ ಮುಂಭಾಗದ ಚಾವಣಿಗೆ ಸೋಲಾರ್ ಫಲಕ ಹಾಕಿಸಿದರು. ಸಂಘ ತೆಗೆಯಿರಿ ಎಂದಿತು. 2021ರಲ್ಲಿ ಕೋರ್ಟ್ ಆಫ್ ಅಪೀಲ್ಸ್ ಸಂಘದ ಪರ ತೀರ್ಪು ಕೊಟ್ಟಿತು, ಆದರೆ ಮೂವರೂ ಒಮ್ಮತಕ್ಕೆ ಬಂದಿರಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಸಂಘದ ನಿಯಮಪತ್ರದಲ್ಲಿ ಸೋಲಾರ್ ಬೇಡ ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ತಡೆಯುವಂತಿಲ್ಲ ಎಂದಿತು. ಈ ಕೇಸು ಮೇಲೆ ಹೋಗಲು ಒಂದು ಹಳೇ ನಿಯಮ ನೆರವಾಗಿತ್ತು. ಮೂವರಲ್ಲಿ ಒಬ್ಬರು ಭಿನ್ನ ತೀರ್ಪು ಬರೆದರೆ ಸೋತವರು ಯಾರ ಅನುಮತಿಯನ್ನೂ ಕೇಳದೆ ಸುಪ್ರೀಂ ಕೋರ್ಟಿಗೆ ಹೋಗಬಹುದಿತ್ತು. 2023ರಲ್ಲಿ ಶಾಸನಸಭೆ ಆ ಹಕ್ಕನ್ನು ತೆಗೆದುಹಾಕಿತು. ಈಗ ಸುಪ್ರೀಂ ಕೋರ್ಟ್ ಮನಸ್ಸು ಮಾಡಿದರಷ್ಟೇ ಕೇಳುತ್ತದೆ. ಹಾಗಾಗಿ ನೀವು ವೋಟು ಹಾಕುವ ಈ 15 ಕುರ್ಚಿಗಳ ತೂಕ ಮೊದಲಿಗಿಂತ ಜಾಸ್ತಿಯಾಗಿದೆ.

ಇನ್ನು ಇವರು ಬರುವ ದಾರಿ. ಚುನಾವಣೆ ಗೆದ್ದು ಬರುತ್ತಾರೆ ಅನ್ನುವುದು ಅರ್ಧ ಮಾತು. ಮಧ್ಯದಲ್ಲಿ ಯಾರಾದರೂ ನಿವೃತ್ತರಾದರೆ ಆ ಜಾಗಕ್ಕೆ ಗವರ್ನರ್ ನೇಮಿಸುತ್ತಾರೆ. ನೇಮಕವಾದವರು ಮುಂದಿನ ಚುನಾವಣೆಯಲ್ಲಿ ಜನರ ಮುಂದೆ ನಿಲ್ಲಬೇಕು. ಎಷ್ಟೋ ಜಡ್ಜ್‌ಗಳು ಮೊದಲು ಒಳಗೆ ಬಂದಿದ್ದು ಈ ಬಾಗಿಲಿನಿಂದಲೇ.

ಜಾನ್ ಆರೋವುಡ್ ಅವರ ವೃತ್ತಿಜೀವನ ನೋಡಿದರೆ ಇಡೀ ವ್ಯವಸ್ಥೆ ಅರ್ಥವಾಗುತ್ತದೆ. ಅವರು ಗುಡ್ಡಗಾಡಿನ ಯಾನ್ಸಿ ಕೌಂಟಿಯವರು. ಕಾನೂನು ಓದು ಮುಗಿದ ಮೇಲೆ ಇದೇ ಕೋರ್ಟಿನಲ್ಲಿ ಜಡ್ಜ್ ಒಬ್ಬರ ಕೈಕೆಳಗೆ ಕೆಲಸ ಮಾಡಿದರು, ಆಮೇಲೆ ಶಾರ್ಲೆಟ್‌ನಲ್ಲಿ ವಕೀಲರಾದರು. 2007ರಲ್ಲಿ ಗವರ್ನರ್ ಮೈಕ್ ಈಸ್ಲಿ ಅವರನ್ನು ಕೋರ್ಟ್ ಆಫ್ ಅಪೀಲ್ಸ್‌ಗೆ ನೇಮಿಸಿದರು. 2008ರ ಚುನಾವಣೆಯಲ್ಲಿ ಸೋತರು, ಕುರ್ಚಿ ಹೋಯಿತು. ಮತ್ತೆ ವಕೀಲಿಕೆ.

2014ರಲ್ಲಿ ಇನ್ನೊಂದು ಅವಕಾಶ ಬಂತು. ಮುಖ್ಯ ಜಡ್ಜ್ ಆಗಿದ್ದ ಜಾನ್ ಮಾರ್ಟಿನ್ ವರ್ಷದ ನಡುವೆ ನಿವೃತ್ತರಾದರು. ಅಭ್ಯರ್ಥಿಗಳನ್ನು ಮೊದಲೇ ಸೋಸುವ ಪ್ರಾಥಮಿಕ ಚುನಾವಣೆಗೆ ಸಮಯ ಇರಲಿಲ್ಲ. ಒಂದೇ ಜಾಗಕ್ಕೆ 19 ಜನ ನಿಂತರು. ಬ್ಯಾಲೆಟ್ ಮೇಲೆ ಪಕ್ಷದ ಹೆಸರೂ ಇಲ್ಲ. ಮತದಾರರ ಕಷ್ಟ ಊಹಿಸಿಕೊಳ್ಳಿ. ಜಾನ್ ಟೈಸನ್ ಗೆದ್ದರು, ಅವರಿಗೆ ಸಿಕ್ಕಿದ್ದು ಒಟ್ಟು ವೋಟಿನ ಸುಮಾರು ಕಾಲು ಭಾಗ ಮಾತ್ರ. ಆರೋವುಡ್ ಎರಡನೆಯವರಾದರು. ಟೈಸನ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

2017ರಲ್ಲಿ ನಡೆದದ್ದನ್ನು ನಾನು ಕಾನೂನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಆಗ ಗವರ್ನರ್ ರಾಯ್ ಕೂಪರ್ ಡೆಮಾಕ್ರಟ್, ಶಾಸನಸಭೆಯಲ್ಲಿ ಬಹುಮತ ರಿಪಬ್ಲಿಕನ್ನರದ್ದು. ನಿವೃತ್ತಿಯ ವಯಸ್ಸು ಆಗ 72. ಕೆಲವು ರಿಪಬ್ಲಿಕನ್ ಜಡ್ಜ್‌ಗಳು ಆ ವಯಸ್ಸಿಗೆ ಹತ್ತಿರವಾಗಿದ್ದರು. ಅವರ ಜಾಗಕ್ಕೆ ಕೂಪರ್ ತಮ್ಮ ಪಕ್ಷದವರನ್ನು ನೇಮಿಸಬಹುದಿತ್ತು. ಶಾಸನಸಭೆ ಕೋರ್ಟನ್ನೇ 15ರಿಂದ 12ಕ್ಕೆ ಇಳಿಸುವ ಮಸೂದೆ ತಂದಿತು. ಖಾಲಿಯಾಗುವ ಮುಂದಿನ ಮೂರು ಜಾಗ ತುಂಬುವಂತಿಲ್ಲ ಅಂತ. ಕೂಪರ್ ವೀಟೊ ಹಾಕಿದರು. ವೀಟೊ ತಳ್ಳಿಹಾಕಲು ಶಾಸನಸಭೆ ಸಿದ್ಧವಾಗುತ್ತಿದ್ದ ವಾರವೇ ಡಗ್ ಮೆಕಲೋ ಎಂಬ ಜಡ್ಜ್ ರಾಜೀನಾಮೆ ಕೊಟ್ಟರು. ಅವರ ನಿವೃತ್ತಿಗೆ ಇನ್ನೂ ಒಂದು ತಿಂಗಳ ಮೇಲಿತ್ತು. ಅವರು ರಿಪಬ್ಲಿಕನ್. ತಮ್ಮ ಕುರ್ಚಿ ಇಲ್ಲವಾಗುವ ಮೊದಲೇ, ಬೇರೆ ಪಕ್ಷದ ಗವರ್ನರ್ ಅದನ್ನು ತುಂಬಲಿ ಎಂದು ಎದ್ದು ಹೋದರು. ಕೂಪರ್ ಅದೇ ದಿನ ಆರೋವುಡ್ ಅವರನ್ನು ಆ ಜಾಗಕ್ಕೆ ಕೂರಿಸಿದರು. ಜಡ್ಜ್ ಒಬ್ಬರು ತಮ್ಮ ಪಕ್ಷಕ್ಕಿಂತ ತಮ್ಮ ಕೋರ್ಟು ದೊಡ್ಡದು ಎಂದುಕೊಂಡ ಗಳಿಗೆ ಅದು. ನನಗೆ ಮೆಕಲೋ ಬಗ್ಗೆ ಬಹಳ ಗೌರವ.

2018ರಲ್ಲಿ ಆರೋವುಡ್ ಚುನಾವಣೆ ಗೆದ್ದರು. ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡವರೊಬ್ಬರು ನಾರ್ತ್ ಕ್ಯಾರೊಲೈನಾದಲ್ಲಿ ರಾಜ್ಯಮಟ್ಟದ ಹುದ್ದೆ ಗೆದ್ದದ್ದು ಅದೇ ಮೊದಲು. ವೀಟೊ ತಳ್ಳಿಹಾಕಿ ಮಾಡಿದ್ದ ಕೋರ್ಟ್ ಕುಗ್ಗಿಸುವ ಕಾನೂನನ್ನು 2019ರಲ್ಲಿ ಶಾಸನಸಭೆಯೇ ಹಿಂತೆಗೆದುಕೊಂಡಿತು. ನೇಮಕ, ಸೋಲು, ಮತ್ತೆ ಸೋಲು, ಮತ್ತೆ ನೇಮಕ, ಆಮೇಲೆ ಗೆಲುವು. ಈ ಏರಿಳಿತದಲ್ಲಿ ಅವರು ಒಳ್ಳೆಯ ಜಡ್ಜೋ ಅಲ್ಲವೋ ಎಂಬ ಪ್ರಶ್ನೆಗೆ ಎಷ್ಟು ಜಾಗ ಇತ್ತು? ಯಾರು ಯಾವಾಗ ನಿವೃತ್ತರಾದರು, ಗವರ್ನರ್ ಯಾರು, ಆ ವರ್ಷದ ಗಾಳಿ ಯಾವ ಕಡೆ, ಬಹುಪಾಲು ಇವೇ ಕೆಲಸ ಮಾಡಿದವು.

ಅರ್ಹತೆಯ ವಿಷಯ. ಈಗ ಈ ರಾಜ್ಯದಲ್ಲಿ ಜಡ್ಜ್ ಆಗಲು ವಕೀಲಿಕೆಯ ಪರವಾನಗಿ ಬೇಕು. ಇದು ಬಂದದ್ದು 1980ರ ಸಂವಿಧಾನ ತಿದ್ದುಪಡಿಯಿಂದ. ಅದಕ್ಕೆ ಹಿಂದೆ 1974ರ ಒಂದು ಚುನಾವಣೆ ಇದೆ. ಸೂಸಿ ಶಾರ್ಪ್ ಕಾನೂನು ಕಾಲೇಜಿನಲ್ಲಿ ತಮ್ಮ ತರಗತಿಯ ಒಬ್ಬಳೇ ಹುಡುಗಿ. ತಂದೆಯ ಜೊತೆ ವಕೀಲಿಕೆ ಮಾಡಿದರು. 1949ರಲ್ಲಿ ರಾಜ್ಯದ ವಿಚಾರಣಾ ಕೋರ್ಟಾದ ಸುಪೀರಿಯರ್ ಕೋರ್ಟಿನ ಮೊದಲ ಮಹಿಳಾ ಜಡ್ಜ್ ಆದರು. 1962ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. 1974ರಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಡೆಮಾಕ್ರಟ್ ಆಗಿ ನಿಂತರು. ರಿಪಬ್ಲಿಕನ್ ಪ್ರಾಥಮಿಕ ಚುನಾವಣೆಯಲ್ಲಿ ಎಲ್ರೀಟಾ ಅಲೆಗ್ಸಾಂಡರ್ ಎಂಬ ಅನುಭವಿ ಕಪ್ಪು ಮಹಿಳಾ ಜಡ್ಜ್ ಇದ್ದರು. ಅವರನ್ನು ಸೋಲಿಸಿದ್ದು ಬೆಂಕಿ ಆರಿಸುವ ಸಿಲಿಂಡರ್ ಮಾರುವ ಜೇಮ್ಸ್ ನ್ಯೂಕಂಬ್. ಕಾನೂನು ಪದವಿಯೇ ಇಲ್ಲದವರು! ಕೊನೆಗೆ ನಾಲ್ಕರಲ್ಲಿ ಸುಮಾರು ಮೂರು ಪಾಲು ವೋಟು ಪಡೆದು ಶಾರ್ಪ್ ಗೆದ್ದರು. ಅಮೆರಿಕದ ರಾಜ್ಯವೊಂದರ ಸುಪ್ರೀಂ ಕೋರ್ಟಿಗೆ ಮುಖ್ಯ ನ್ಯಾಯಮೂರ್ತಿಯಾಗಿ ಚುನಾಯಿತರಾದ ಮೊದಲ ಮಹಿಳೆ ಅವರೇ. ಮತದಾರರು ಆ ಸಲ ಕಣ್ಣು ತೆರೆದು ವೋಟು ಹಾಕಿದರು. ಪ್ರಾಥಮಿಕ ಚುನಾವಣೆಯಲ್ಲಿ ಹಾಕಿರಲಿಲ್ಲ.

ಪಕ್ಷದ ಹೆಸರಿನ ಬಗ್ಗೆ ಕೇಳಿದ್ದೀರಿ. ಅದು ಬ್ಯಾಲೆಟ್ ಮೇಲೆ ಬರುವುದು, ಹೋಗುವುದು ನಡೆದೇ ಇದೆ. 2002ರ ಒಂದು ಕಾನೂನು ಅಪೀಲು ಜಡ್ಜ್‌ಗಳ ಚುನಾವಣೆಯಿಂದ ಪಕ್ಷದ ಹೆಸರು ತೆಗೆಯಿತು. ಜೊತೆಗೆ ಪ್ರಚಾರಕ್ಕೆ ಸಾರ್ವಜನಿಕ ಹಣ ಕೊಡುವ ಏರ್ಪಾಡನ್ನೂ ತಂದಿತು. ಅಭ್ಯರ್ಥಿ ಕನಿಷ್ಠ 350 ಮತದಾರರಿಂದ ಸಣ್ಣ ಸಣ್ಣ ದೇಣಿಗೆ ತಂದು ತೋರಿಸಬೇಕು, ಖರ್ಚಿನ ಮಿತಿಗೆ ಒಪ್ಪಬೇಕು. ಆಮೇಲೆ ಸರ್ಕಾರದ ನಿಧಿಯಿಂದ ಹಣ ಸಿಗುತ್ತಿತ್ತು. 2004ರಿಂದ ಅದು ನಡೆಯಿತು. 2013ರಲ್ಲಿ ಆ ನಿಧಿಯನ್ನು ರದ್ದು ಮಾಡಿದರು. 2016ರ ಡಿಸೆಂಬರ್‌ನಲ್ಲಿ ಮಾಡಿದ ಕಾನೂನಿನಿಂದ 2018ರ ಹೊತ್ತಿಗೆ ಪಕ್ಷದ ಹೆಸರು ವಾಪಸ್ ಬಂತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: 2004ರಿಂದ 2013ರವರೆಗಿನ ಏರ್ಪಾಡೇ ಮೇಲಾಗಿತ್ತು. ನಾಳೆ ತನ್ನ ಮುಂದೆ ವಾದ ಮಾಡುವ ವಕೀಲನ ಹತ್ತಿರ ಜಡ್ಜ್ ಇವತ್ತು ಪ್ರಚಾರಕ್ಕೆ ದುಡ್ಡು ಕೇಳುವುದು ನನಗೆ ಒಪ್ಪಿಗೆಯಾಗದ ಮಾತು. ಪಕ್ಷದ ಹೆಸರು ಇದ್ದರೆ ಮತದಾರರಿಗೆ ಏನೋ ಒಂದು ಸುಳಿವಾದರೂ ಸಿಗುತ್ತದೆ ಎನ್ನುವವರಿದ್ದಾರೆ. 2014ರ ಆ 19 ಹೆಸರುಗಳನ್ನು ನೆನೆದರೆ ಅವರ ಮಾತಿನಲ್ಲೂ ಹುರುಳಿದೆ. ಆದರೂ ಆ ಸುಳಿವು ಒಬ್ಬ ಜಡ್ಜ್ ಕಾಗದ ಎಷ್ಟು ಶ್ರದ್ಧೆಯಿಂದ ಓದುತ್ತಾನೆ ಅಂತ ಹೇಳುವುದಿಲ್ಲ.

ಹಣದ ವಿಷಯಕ್ಕೆ ಬಂದರೆ ಬೇರೆ ರಾಜ್ಯಗಳ ಕಡೆಗೂ ನೋಡಬೇಕು. 2004ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಬ್ರೆಂಟ್ ಬೆಂಜಮಿನ್ ಎಂಬ ವಕೀಲರು ಅಲ್ಲಿನ ಅತ್ಯುನ್ನತ ಅಪೀಲು ಕೋರ್ಟಿಗೆ ಗೆದ್ದರು. ಮ್ಯಾಸಿ ಕಲ್ಲಿದ್ದಲು ಕಂಪನಿಯ ಮುಖ್ಯಸ್ಥ ಡಾನ್ ಬ್ಲ್ಯಾಂಕನ್‌ಶಿಪ್ ಅವರನ್ನು ಗೆಲ್ಲಿಸಲು ಸುಮಾರು 30 ಲಕ್ಷ ಡಾಲರ್ ಸುರಿದಿದ್ದರು. ಅದೇ ಕಂಪನಿಯ ವಿರುದ್ಧ ಜ್ಯೂರಿ ಕೊಟ್ಟಿದ್ದ 5 ಕೋಟಿ ಡಾಲರ್ ತೀರ್ಪು ಮುಂದೆ ಅದೇ ಕೋರ್ಟಿಗೆ ಬಂತು. ಬೆಂಜಮಿನ್ ಹಿಂದೆ ಸರಿಯಲಿಲ್ಲ. ಕಂಪನಿ 3-2ರಿಂದ ಗೆದ್ದಿತು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಿಂದ ಹೇಳಿತು: ಇಂಥ ಕಡೆ ಜಡ್ಜ್ ಆ ಕೇಸಿನಿಂದ ದೂರ ಇರಲೇಬೇಕು. 2025ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್‌ನಲ್ಲಿ ಸುಪ್ರೀಂ ಕೋರ್ಟಿನ ಒಂದೇ ಒಂದು ಕುರ್ಚಿಗೆ ಎರಡೂ ಕಡೆ ಸೇರಿ ಹತ್ತು ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಯಿತು.

ಇಷ್ಟು ಹಣ ಯಾಕೆ ಸುರಿಯುತ್ತಾರೆ? ಕುರ್ಚಿ ಬದಲಾದರೆ ಕಾನೂನೂ ಬದಲಾಗುತ್ತದೆ, ಅದಕ್ಕೇ. ನಿಮ್ಮ ರಾಜ್ಯದ್ದೇ ನೋಡಿ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಪಕ್ಷಕ್ಕೆ ಅನುಕೂಲವಾಗುವಂತೆ ಕ್ಷೇತ್ರ ಗೆರೆ ಎಳೆಯುವುದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದಿತು. ಆಗ 4-3. ಆ ನವೆಂಬರ್ ಚುನಾವಣೆಯಲ್ಲಿ ಎರಡು ಕುರ್ಚಿ ಬದಲಾದವು. 2023ರ ಏಪ್ರಿಲ್‌ನಲ್ಲಿ ಅದೇ ಕೋರ್ಟ್, ಅದೇ ಕೇಸನ್ನು ಮತ್ತೆ ಕೇಳಿ, ಅದು ಕೋರ್ಟು ತೀರ್ಮಾನಿಸುವ ವಿಷಯವೇ ಅಲ್ಲ ಎಂದಿತು. ಈ ಸಲ 5-2. ಸಂವಿಧಾನದ ಒಂದು ಅಕ್ಷರವೂ ನಡುವೆ ಬದಲಾಗಿರಲಿಲ್ಲ.

ನಮ್ಮ ಕರ್ನಾಟಕದ ಹೈಕೋರ್ಟಿನ ಜೊತೆ ನೀವು ಹೋಲಿಸುವುದು ಸಹಜ. ಅಲ್ಲಿ ಹಿರಿಯ ಜಡ್ಜ್‌ಗಳ ಕೊಲಿಜಿಯಂ ಹೆಸರು ಕಳಿಸುತ್ತದೆ, ರಾಷ್ಟ್ರಪತಿ ನೇಮಿಸುತ್ತಾರೆ, 62ಕ್ಕೆ ನಿವೃತ್ತಿ. ಬೇರೆ ಆಯೋಗ ತರುವ ಪ್ರಯತ್ನವನ್ನು 2015ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಬದಿಗಿಟ್ಟಿತು. ಯಾರನ್ನು ಯಾಕೆ ಆರಿಸಿದರು ಅನ್ನುವುದು ನಮಗೆ ಸರಿಯಾಗಿ ಕಾಣುವುದಿಲ್ಲ ಎಂಬ ದೂರು ಅಲ್ಲಿದೆ. ನಾರ್ತ್ ಕ್ಯಾರೊಲೈನಾದಲ್ಲಿ ಎಲ್ಲವೂ ಕಾಣುತ್ತದೆ, ಜಗಳವೂ ಸೇರಿ. ನಾನು ಯಾವುದನ್ನೂ ಪೂರ್ತಿ ಮೆಚ್ಚಲಾರೆ. ನಿಮ್ಮ ಕೈಯಲ್ಲಿ ಈಗ ಇರುವುದು ಬ್ಯಾಲೆಟ್, ಅದನ್ನು ಚೆನ್ನಾಗಿ ಬಳಸುವುದು ಹೇಗೆ ಅನ್ನುವುದೇ ಮುಖ್ಯ.

ಈಗ 2024ರ ಆ ಪ್ರಕರಣ. ಒಂದು ಕಡೆ ಆಲಿಸನ್ ರಿಗ್ಸ್, ಡೆಮಾಕ್ರಟ್. ಮತದಾನದ ಹಕ್ಕಿನ ಕೇಸುಗಳನ್ನು ನಡೆಸುತ್ತಿದ್ದ ವಕೀಲೆ. ಕೂಪರ್ ಅವರನ್ನು ಮೊದಲು ಕೋರ್ಟ್ ಆಫ್ ಅಪೀಲ್ಸ್‌ಗೆ, 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ನೇಮಿಸಿದ್ದರು. ಇನ್ನೊಂದು ಕಡೆ ಜೆಫರ್ಸನ್ ಗ್ರಿಫಿನ್, ರಿಪಬ್ಲಿಕನ್. ಸರ್ಕಾರಿ ವಕೀಲರಾಗಿದ್ದವರು, ಆಮೇಲೆ ನಿಮ್ಮದೇ ವೇಕ್ ಕೌಂಟಿಯಲ್ಲಿ ಜಿಲ್ಲಾ ಜಡ್ಜ್. 2020ರಲ್ಲಿ ಕೋರ್ಟ್ ಆಫ್ ಅಪೀಲ್ಸ್‌ಗೆ ಗೆದ್ದವರು. ಚುನಾವಣೆಯ ರಾತ್ರಿ ಗ್ರಿಫಿನ್ ಸುಮಾರು 10,000 ವೋಟು ಮುಂದಿದ್ದರು. ಉಳಿದ ವೋಟುಗಳನ್ನೂ ಎಣಿಸಿದಾಗ ರಿಗ್ಸ್ 734 ವೋಟಿನಿಂದ ಮುಂದಾದರು. ಹಾಕಿದ್ದ ವೋಟು ಸುಮಾರು 55 ಲಕ್ಷ. ಎರಡು ಸಲ ಮರುಎಣಿಕೆ ಆಯಿತು. ಅಂತರ ಉಳಿಯಿತು.

ಗ್ರಿಫಿನ್ 65,000ಕ್ಕೂ ಹೆಚ್ಚು ವೋಟುಗಳನ್ನು ತೆಗೆದುಹಾಕಿ ಎಂದು ದೂರು ಕೊಟ್ಟರು. ಇದರಲ್ಲಿ ಸುಮಾರು 60,000 ಜನರ ನೋಂದಣಿ ದಾಖಲೆಯಲ್ಲಿ ಚಾಲನಾ ಪರವಾನಗಿಯ ಸಂಖ್ಯೆಯಾಗಲಿ, ಸೋಷಿಯಲ್ ಸೆಕ್ಯುರಿಟಿಯ (ಕೇಂದ್ರ ಸರ್ಕಾರ ಕೊಡುವ ಗುರುತಿನ ಸಂಖ್ಯೆಯ) ಕೊನೆಯ ನಾಲ್ಕು ಅಂಕಿಯಾಗಲಿ ಇರಲಿಲ್ಲ. ಬಹಳ ವರ್ಷ ಅರ್ಜಿಯ ನಮೂನೆಯೇ ಅದು ಕಡ್ಡಾಯ ಅಂತ ಸ್ಪಷ್ಟ ಮಾಡಿರಲಿಲ್ಲ. ಇನ್ನೊಂದು ಗುಂಪು ಸೈನ್ಯದಲ್ಲಿರುವವರು ಮತ್ತು ಹೊರದೇಶದಲ್ಲಿರುವವರು, ವೋಟಿನ ಜೊತೆ ಫೋಟೋ ಗುರುತಿನ ಪ್ರತಿ ಕಳಿಸಿರಲಿಲ್ಲ ಅಂತ. ಅವರಿಂದ ಅದನ್ನು ಚುನಾವಣಾ ಮಂಡಳಿ ಕೇಳಿಯೇ ಇರಲಿಲ್ಲ. ರಿಗ್ಸ್ ಅವರ ತಂದೆ ತಾಯಿಯ ಹೆಸರೂ ಆ ಪಟ್ಟಿಯಲ್ಲಿತ್ತು.

ಕೇಸು ಗ್ರಿಫಿನ್ ಅವರ ಸಹೋದ್ಯೋಗಿಗಳ ಮುಂದೆಯೇ ಬಂತು. 2025ರ ಏಪ್ರಿಲ್ 4ರಂದು ಕೋರ್ಟ್ ಆಫ್ ಅಪೀಲ್ಸ್ 2-1ರಿಂದ ಅವರ ಪರ ತೀರ್ಪು ಕೊಟ್ಟಿತು. ಬಹುಮತದಲ್ಲಿ ಇದ್ದವರು ಟೈಸನ್ ಮತ್ತು ಫ್ರೆಡ್ ಗೋರ್. ಟೋಬಿ ಹ್ಯಾಂಪ್ಸನ್ ಭಿನ್ನ ತೀರ್ಪು ಬರೆದರು. ಒಂದು ವಾರದಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಆ 60,000 ವೋಟು ಎಣಿಕೆಯಲ್ಲಿ ಇರಲಿ ಎಂದಿತು, ಸೈನಿಕರ ಗುಂಪಿಗೆ ಮಾತ್ರ ದಾಖಲೆ ತೋರಿಸಲು 30 ದಿನ ಕೊಟ್ಟಿತು. ರಿಗ್ಸ್ ಆ ವಿಚಾರಣೆಯಿಂದ ದೂರ ಇದ್ದರು. ಕೊನೆಗೆ ಮೇ 5ರಂದು ಕೇಂದ್ರದ ಜಿಲ್ಲಾ ಕೋರ್ಟಿನ ಜಡ್ಜ್ ರಿಚರ್ಡ್ ಮೈಯರ್ಸ್, ಆಟ ಮುಗಿದ ಮೇಲೆ ನಿಯಮ ಬದಲಿಸುವಂತಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟರು. ಮೈಯರ್ಸ್ ಅವರನ್ನು ನೇಮಿಸಿದ್ದು ಟ್ರಂಪ್. ಎರಡು ದಿನದಲ್ಲಿ ಗ್ರಿಫಿನ್ ಸೋಲು ಒಪ್ಪಿಕೊಂಡರು. ಚುನಾವಣೆ ಮುಗಿದು ಆರು ತಿಂಗಳ ಮೇಲೆ, ಮೇ 13ರಂದು ರಿಗ್ಸ್ ಪ್ರಮಾಣವಚನ ತೆಗೆದುಕೊಂಡರು.

ಇದರಲ್ಲಿ ನೀವು ಗಮನಿಸಬೇಕಾದ್ದು, ಪಕ್ಷ ನೋಡಿ ಇವರೆಲ್ಲ ಏನು ಮಾಡುತ್ತಾರೆ ಅಂತ ಊಹಿಸಿದ್ದರೆ ಮೈಯರ್ಸ್ ವಿಷಯದಲ್ಲಿ ಲೆಕ್ಕ ತಪ್ಪುತ್ತಿತ್ತು, ಮೆಕಲೋ ವಿಷಯದಲ್ಲೂ ತಪ್ಪುತ್ತಿತ್ತು. ಹಾಗಾಗಿ ಪಕ್ಷ ನೋಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಈಗಾಗಲೇ ಜಡ್ಜ್ ಆಗಿರುವವರು ಬರೆದ ತೀರ್ಪುಗಳು ರಾಜ್ಯ ಕೋರ್ಟಿನ ಜಾಲತಾಣದಲ್ಲಿ ಉಚಿತ. ಬರೆದವರ ಹೆಸರು ಮೇಲೆಯೇ ಇರುತ್ತದೆ. ಎರಡು ಮೂರು ಓದಿ. ಎಲ್ಲ ಕಾನೂನು ಅರ್ಥವಾಗಬೇಕಿಲ್ಲ. ಸೋತವರ ವಾದ ಏನಿತ್ತು ಅಂತ ಜಡ್ಜ್ ನ್ಯಾಯವಾಗಿ ಹೇಳಿದ್ದಾರಾ ನೋಡಿ. ಸೋತವನು ಅದನ್ನು ಓದಿ, ನನ್ನ ಮಾತು ಕೇಳಿಸಿಕೊಂಡರು, ಒಪ್ಪಲಿಲ್ಲ ಅಷ್ಟೇ ಎನ್ನುವಂತಿದ್ದರೆ ಅದು ಒಳ್ಳೆಯ ತೀರ್ಪು. ಅವನ ವಾದವನ್ನೇ ತಿರುಚಿ, ಆಮೇಲೆ ತಳ್ಳಿಹಾಕಿದ್ದರೆ ನನಗೆ ಅನುಮಾನ ಬರುತ್ತದೆ. ತಮ್ಮ ಪಕ್ಷಕ್ಕೆ ಇಷ್ಟವಾಗದ ಒಂದು ತೀರ್ಪನ್ನಾದರೂ ಬರೆದಿದ್ದಾರಾ ಅಂತಲೂ ಹುಡುಕಿ. ಹೊಸ ಅಭ್ಯರ್ಥಿಯಾದರೆ ಅಪೀಲು ಕೇಸುಗಳನ್ನು ನಡೆಸಿದ ಅನುಭವ ಇದೆಯಾ ನೋಡಿ. ವಿಚಾರಣಾ ಕೋರ್ಟಿನಲ್ಲಿ ಮಿಂಚಿದವರೆಲ್ಲ ಇಲ್ಲಿ ಚೆನ್ನಾಗಿ ಬರೆಯುತ್ತಾರೆ ಅಂತಿಲ್ಲ. ಇಂಥ ಕೇಸಿನಲ್ಲಿ ಇಂಥ ತೀರ್ಪೇ ಕೊಡುತ್ತೇನೆ ಎಂದು ಪ್ರಚಾರದಲ್ಲಿ ಮಾತು ಕೊಡುವವರಿಗೆ ನಾನಂತೂ ವೋಟು ಹಾಕಲಾರೆ.

ನಿಮ್ಮ ವೋಟಿನ ಸುರಕ್ಷತೆಗೆ ಮಾಡಬೇಕಾದ್ದು ಸಣ್ಣ ಕೆಲಸ. ರಾಜ್ಯ ಚುನಾವಣಾ ಮಂಡಳಿಯ ಜಾಲತಾಣದಲ್ಲಿ ನಿಮ್ಮ ಹೆಸರು, ಕೌಂಟಿ ಹಾಕಿ ನೋಂದಣಿ ನೋಡಿ. ನೀವು ಹೊಸದಾಗಿ ನೋಂದಾಯಿಸಿದವರು, ಅರ್ಜಿಯಲ್ಲಿ ಚಾಲನಾ ಪರವಾನಗಿಯ ಸಂಖ್ಯೆ ಬರೆದಿದ್ದರೆ ಚಿಂತೆಯಿಲ್ಲ. ಹಳೇ ದಾಖಲೆಗಳಲ್ಲಿ ಬಿಟ್ಟುಹೋದ ಸಂಖ್ಯೆ ತುಂಬಿಸುವ ಕೆಲಸವನ್ನು ಮಂಡಳಿ 2025ರಲ್ಲಿ ಶುರು ಮಾಡಿತು. ನಿಮ್ಮ ಮನೆಯವರು ಮೊದಲೇ ಮತದಾರರಾಗಿದ್ದರೆ ಅವರದ್ದನ್ನೂ ಪರೀಕ್ಷಿಸಿ. ಅನುಮಾನ ಬಂದರೆ ವೇಕ್ ಕೌಂಟಿ ಚುನಾವಣಾ ಕಚೇರಿಗೆ ಹೋಗಿ ಸರಿ ಮಾಡಿಸಿ. ಹೆಸರಿನ ಕಾಗುಣಿತ ಪೌರತ್ವದ ಪತ್ರದಲ್ಲಿ ಒಂದು, ಪರವಾನಗಿಯಲ್ಲಿ ಇನ್ನೊಂದು ಇದ್ದರೆ ಅದನ್ನೂ ಈಗಲೇ ಒಂದು ಮಾಡಿಸಿಕೊಳ್ಳಿ. ಅಪ್ಪನ ಹೆಸರು, ಊರಿನ ಹೆಸರು ಸೇರಿದ ನಮ್ಮ ಹೆಸರುಗಳಲ್ಲಿ ಈ ತೊಂದರೆ ಬರುವುದು ಜಾಸ್ತಿ. ಮತಗಟ್ಟೆಗೆ ಫೋಟೋ ಗುರುತಿನ ಚೀಟಿ ತೆಗೆದುಕೊಂಡು ಹೋಗಿ.

ಇನ್ನೊಂದು ಮಾತು. ಒಂದೇ ಗುರುತಿನಿಂದ ಪಕ್ಷದ ಎಲ್ಲರಿಗೂ ವೋಟು ಹಾಕುವ ಸೌಲಭ್ಯವನ್ನು ನಾರ್ತ್ ಕ್ಯಾರೊಲೈನಾ 2013ರ ಕಾನೂನಿನಲ್ಲೇ ತೆಗೆದುಹಾಕಿದೆ. ಪ್ರತಿ ಜಡ್ಜ್ ಹುದ್ದೆಗೂ ಬೇರೆ ಬೇರೆಯಾಗಿ ಗುರುತು ಹಾಕಬೇಕು. ಇವರ ಹೆಸರುಗಳು ಮೇಲಿನ ದೊಡ್ಡ ಹುದ್ದೆಗಳೆಲ್ಲ ಮುಗಿದ ಮೇಲೆ ಬರುತ್ತವೆ, ಬ್ಯಾಲೆಟ್ ಎರಡು ಬದಿ ಅಚ್ಚಾಗಿದ್ದರೆ ಕೆಲವು ಹಿಂಬದಿಗೂ ಹೋಗಬಹುದು. 2020ರಲ್ಲಿ ಮುಖ್ಯ ನ್ಯಾಯಮೂರ್ತಿ ಶೆರಿ ಬೀಸ್ಲಿ ತಮ್ಮ ಹುದ್ದೆ ಕಳೆದುಕೊಂಡದ್ದು 401 ವೋಟಿನಿಂದ. ಮಾದರಿ ಬ್ಯಾಲೆಟ್ ಹೇಗೂ ನಿಮ್ಮ ಹತ್ತಿರ ಇದೆ. ತೀರ್ಮಾನವನ್ನು ಮನೆಯಲ್ಲೇ ಮಾಡಿ, ಅದರ ಮೇಲೆ ಗುರುತು ಹಾಕಿಕೊಂಡು, ಆ ಕಾಗದ ಜೊತೆಗೇ ಒಯ್ಯಿರಿ.